ಗೂಟ

ಪೈವಳಿಕೆಯ ಪಾರೆಯಲ್ಲಿ ಮರದ ಗೂಟ ತೆಗೆದರೆ
ಅಂದುಂಞಿಚ್ಚ ಬೈಯುತ್ತಿದ್ದರು:
"ಮುರಕಲ್ಲಿಗೆ ಕಬ್ಬಿಣ. ಗೇಣುದ್ದ ಸಾಕು."
ಕೊಯ್ದ ಗದ್ದೆಗೆ ಮರುವದ್ದು, ಮೊಳ ಮೀರಿದ್ದು,
ಓರೆಯಾಗಿ, ಹಗ್ಗಕ್ಕೆ ಬೆನ್ನು ಹಾಕಿ.

ಶಿರಿಯ ಕಡಪ್ಪುರದ ಮದುವೆಗೆ ಮೂರು ಸಲ ಹೊಡೆದೆ.
ಮೂರು ಸಲವೂ ಗಾಳಿ ಟಾರ್ಪಾಲು ಎತ್ತಿತು,
ಬಿರಿಯಾನಿ ಹಂಡೆಗೆಲ್ಲ ಹೊಯಿಗೆ.
ಅವರು ಗೂಟ ಕಿತ್ತರು, ಮೊಣಕಾಲಾಳ ತೋಡಿ
ಅಡ್ಡ ಮಲಗಿಸಿದರು,
ಸೊಂಟಕ್ಕೆ ಹಗ್ಗ ಬಿಗಿದು ಮುಚ್ಚಿದರು.
"ಹೊಯಿಗೆಯಲ್ಲಿ ನಿಂತದ್ದು ನಿಲ್ಲುವುದಿಲ್ಲ ಮೋನೇ.
ಮಲಗಿದ್ದು ಹಿಡಿಯುತ್ತದೆ."

ಮೊನ್ನೆ ಅದೇ ಕಡಪ್ಪುರದಲ್ಲಿ, ಪಳ್ಳಿಯ ಹಿಂದೆ,
ಅವರನ್ನು ಬಲಮಗ್ಗುಲಿಗೆ ಮಲಗಿಸಿದರು.
ಮಳೆ ಬಂದೀತೆಂದು ಮೇಲೆ ಟಾರ್ಪಾಲು ಕಟ್ಟಿದ್ದು ನಾನೇ.

ಎಲ್ಲರೂ ಹೋದ ಮೇಲೆ
ಬಿಚ್ಚಲೆಂದು ಹಗ್ಗ ಎಳೆದೆ.
ಬರಲಿಲ್ಲ.