ಎಂಟು ಪಾಲು

ಬಾಗಿಲ ಮೇಲೆ ಹೊಸ ಹೆಸರು: ಮಿಲಾನ್ ಬೆಳದಿಂಗಳು.
ಒಳಗೆ ಕೆಂಪು ಮಖಮಲ್ಲಿನ ಕುರ್ಚಿ,
ಕಂಬಕ್ಕೆ ಹಬ್ಬಿಸಿದ ಪ್ಲಾಸ್ಟಿಕ್ ದ್ರಾಕ್ಷಿ,
ಮೂಲೆಯಲ್ಲಿ ಯಾರೂ ನುಡಿಸದ ಬಿಳಿ ಪಿಯಾನೊ.
ಎಲ್ಲರೂ ಮೇಲಿನ ದೀಪದ ಗೊಂಚಲು ನೋಡುತ್ತಿದ್ದರೆ
ಅಪ್ಪ ನೆಲ ನೋಡಿದ.
ಆರುಮೂಲೆಯ ಹಸಿರು ಟೈಲು,
ಬಾಗಿಲ ಹತ್ತಿರ ಒಂದು ಒಡೆದದ್ದು.
"ಇದು ನಮ್ಮ ಸ್ನಾನದ ಮನೆ" ಅಂದ,
ನಮಗಲ್ಲ, ಮೆನುವಿಗೆ.

ಶೆನ್ಯಾಂಗ್. ತೊಂಬತ್ತೆಂಟರ ಡಿಸೆಂಬರು.
ಹೊರಗೆ ಉಗುಳಿದರೆ ನೆಲ ಮುಟ್ಟುವುದರೊಳಗೆ ಗಾಜು.
ಪಂಪಿನ ಕಾರ್ಖಾನೆ ಅಪ್ಪನ ಲೆಕ್ಕ ಚುಕ್ತಾ ಮಾಡಿ ಹತ್ತು ದಿನ,
ಇಪ್ಪತ್ತೆರಡು ವರ್ಷಕ್ಕೆ ಒಂದು ಲಕೋಟೆ.
ಅದರ ಮೇಲೆ ತಲೆಯಿಟ್ಟು ಅಮ್ಮ ನಿದ್ದೆಗೆಟ್ಟಳು.
ಅದರೊಳಗಿಂದ ಅಪ್ಪ ಮೂರು ನೋಟು ಎಳೆದ.
ನನಗೆ ಹನ್ನೊಂದು ತುಂಬಿತ್ತು; ಅದೇ ನೆಪ.

ಬೋ ಟೈ ಕಟ್ಟಿದ ಹುಡುಗ ಬಂದ.
ಕುಲುಮೆಯ ಛೂ ಮಾಮನ ಮಗ.
ಗುರುತಿಲ್ಲದವನ ಹಾಗೆ ಬಗ್ಗಿ ಕೇಳಿದ:
"ಮಾಂಸ ಎಷ್ಟು ಪಾಲು ಬೇಯಬೇಕು?
ಮೂರಿದೆ, ಐದಿದೆ, ಏಳಿದೆ."
ಅಮ್ಮ ಬೆರಳು ಮಡಿಚಿ ಯೋಚಿಸಿದಳು. "ಎಂಟು."
"ಎಂಟು ಇಲ್ಲ."
"ಯಾಕಿಲ್ಲ? ಏಳಾದ ಮೇಲೆ ಎಂಟೇ ತಾನೆ?
ಒಳ್ಳೇ ಸಂಖ್ಯೆ. ಮಗು ಹುಟ್ಟಿದ ದಿನ."
"ವಿದೇಶದಲ್ಲಿ ಬೆಸ ಮಾತ್ರ."
"ಹಸಿಬಿಸಿ ತಿನ್ನೋಕೆ ಇಷ್ಟು ದುಡ್ಡು!
ಹೋಗಲಿ, ಒಂದಿಷ್ಟು ಬಿಸಿನೀರು ಕೊಡಪ್ಪ."
ಬಂದದ್ದು ಮಂಜುಗಡ್ಡೆ,
ಲೋಟದ ಅಂಚಿಗೆ ಕಾಗದದಷ್ಟು ತೆಳ್ಳನೆ ನಿಂಬೆ.
"ಬಿಸಿನೀರು ಇಲ್ಲಿ ಸಿಗಲ್ಲ."

ಆಗ ಅಪ್ಪ ನಕ್ಕ.
ಹತ್ತು ದಿನದ ನಗು ಒಟ್ಟಿಗೆ ಬಂದು ಕೆಮ್ಮಾಯಿತು.
"ಪಿಯಾನೊ ಇದೆಯಲ್ಲ, ಅಲ್ಲಿತ್ತು ತೊಟ್ಟಿ.
ಪಾಳಿ ಮುಗಿದರೆ ನಲವತ್ತು ಜನ ಒಟ್ಟಿಗೆ ಇಳೀತಿದ್ವಿ.
ಈ ದ್ರಾಕ್ಷಿ ಕೆಳಗೆ ನಲ್ಲಿ. ತಿರುಗಿಸಿದರೆ ಚರ್ಮ ಸುಲಿಯೋದು.
ಗ್ರೀಸು ಹೋಗೋ ತನಕ ನಿಮ್ಮಪ್ಪ ನನ್ನ ಬೆನ್ನುಜ್ಜೋನು,
ನಾನು ಅವನದ್ದು.
ಇಡೀ ತೀಶೀಯಲ್ಲಿ ಬಿಸಿನೀರಿದ್ದದ್ದು
ಇಲ್ಲೇ ಕಣಯ್ಯ."
ಹುಡುಗ ತನ್ನ ಬೂಟು ನೋಡಿಕೊಂಡ.
ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ
ತನ್ನದೇ ಥರ್ಮಾಸು ತಂದಿಟ್ಟ, ತಗಡಿನ ಮೇಲೆ ಸವೆದ ಹೂವು.
"ಮ್ಯಾನೇಜರು ಕಂಡರೆ ನಿಮ್ಮದೇ ಅನ್ನಿ, ಲುವಾನ್ ಮಾಮ."

ಹಸುವಿನ ಆಕಾರದ ಕಬ್ಬಿಣದ ತಟ್ಟೆ ಬಂತು, ಮುಚ್ಚಳ ಹೊತ್ತು.
"ಸಾರು ಸಿಡಿಯುತ್ತೆ, ಬಟ್ಟೆ ಎತ್ತಿ ಹಿಡೀರಿ."
ಮೂವರೂ ಬಿಳಿ ವಸ್ತ್ರ ಎದೆಗೆ ಹಿಡಿದು ಕೂತೆವು,
ಸ್ನಾನಕ್ಕೆ ಹೊರಟವರ ಹಾಗೆ.
ಮುಚ್ಚಳ ತೆಗೆದದ್ದೇ ಚೊರ್ ಅಂತ
ಕರಿಮೆಣಸಿನ ಆವಿ ಎದ್ದು ಅಪ್ಪ ಕಾಣದಾದ.
ಆವಿಯೊಳಗಿಂದ ಗಂಟಲು ಮಾತ್ರ ಬಂತು,
ನಾನು ಯಾವತ್ತೂ ಕೇಳಿರದ ಹುಡುಗನ ಗಂಟಲು:
"ಯಾರೋ ಅದು, ಬಾಗಿಲು ಹಾಕೋ! ಚಳಿ!"

ಇಡೀ ಮಿಲಾನ್ ತಿರುಗಿ ನೋಡಿತು.
ಬಾಗಿಲ ಬಳಿಯ ಮೇಜಿನ ಮುದುಕನೊಬ್ಬ
ಎದ್ದು ಹೋಗಿ
ಬಾಗಿಲು ಹಾಕಿ ಬಂದ.

ಆಮೇಲೆ ಅಪ್ಪ ಚಾಕುವಿನ ಅಲಗಿಗೆ ಹೆಬ್ಬೆರಳಿಟ್ಟ.
"ಸಾಣೆ ಕಂಡಿಲ್ಲ" ಅಂದ. ಲೇತಿನ ಮನುಷ್ಯ;
ಆದರೂ ಮೂರು ತಟ್ಟೆಯ ಮಾಂಸವನ್ನೂ
ಒಂದೇ ಅಳತೆಯ ಚೂರು ಮಾಡಿದ.
ಅಮ್ಮ ಕೈಚೀಲದಿಂದ ಕಡ್ಡಿ ತೆಗೆದಳು, ಮೂರು ಜೊತೆ.
ತನ್ನ ಮೊಟ್ಟೆಯ ಹಳದಿ ನನ್ನ ತಟ್ಟೆಗೆ ದಾಟಿಸಿದಳು.
ಮಾಂಸ ಹೇಗಿತ್ತೋ ನೆನಪಿಲ್ಲ. ನೂಡಲ್ಸು ಸಿಹಿಯಿತ್ತು.

ಈಗ ಶಾಂಘೈಯಲ್ಲಿ ಗಿರಾಕಿಗಳನ್ನು ಕರೆದೊಯ್ಯುತ್ತೇನೆ,
ಯಾವ ಲೋಟಕ್ಕೆ ಯಾವ ವೈನು ಅನ್ನುವುದು ಗೊತ್ತು.
"ಎಷ್ಟು ಪಾಲು, ಮೇಡಂ?" ಅಂದರೆ
ನಾಲಿಗೆ ಎಂಟು ಅನ್ನುತ್ತದೆ.
ತಮಾಷೆ ಅಂದುಕೊಂಡು ಗಿರಾಕಿಗಳು ನಗುತ್ತಾರೆ.

ಆ ರಾತ್ರಿ ಹೊರಡುವಾಗ
ಅಪ್ಪ ಬಾಗಿಲ ಬಳಿ ತಡೆದು ನಿಂತ.
"ನೀವು ನಡೀರಿ, ಲೇಸು ಬಿಚ್ಚಿದೆ" ಅಂತ ಬಗ್ಗಿದ,
ಒಡೆದ ಟೈಲಿನ ಪಕ್ಕ, ತುಸು ಜಾಸ್ತಿಯೇ ಹೊತ್ತು.
ಚಳಿಗೆ ಹಾಕಿದ್ದ ಅವನ ಉಣ್ಣೆಯ ಬೂಟಿಗೆ
ಲೇಸೇ ಇರಲಿಲ್ಲ.