ಉಣ್ಣೆ

ನನ್ನ ಭಾಷೆಯಲ್ಲಿ ಎರಡಕ್ಕೂ ಒಂದೇ ಹೆಸರು
ಎಂದೆ ಐಲಿಗೆ, ಪೆನಿಕುಕ್ ಊರಾಚೆಯ ಗುಡ್ಡದಲ್ಲಿ.
ಕುರಿಯ ಮೈಮೇಲೆ ಬೆಳೆಯುವುದೂ ಉಣ್ಣೆ,
ಅದರೊಳಗೆ ಅವಿತು ಉಣ್ಣುವುದೂ ಉಣ್ಣೆ.
ಅವಳು ನಕ್ಕು ಕಂಬಳಿಯ ಇನ್ನೊಂದು ತುದಿ ಹಿಡಿದಳು.
ಜರೀಗಿಡಗಳ ಮೇಲೆ ಎಳೆದುಕೊಂಡು ನಡೆದೆವು,
ಇಪ್ಪತ್ತು ಹೆಜ್ಜೆಗೊಮ್ಮೆ ಮಗುಚಿ, ಚಿಮಟದಲ್ಲಿ ಆಯುತ್ತ.
ಹೊಟ್ಟೆ ತುಂಬಿದವು ಸಿಕ್ಕಿದ್ದು ಮರ್ಡೋನ ಕುರಿಗಳ ಕಿವಿಯಲ್ಲಿ,
ಔಡಲಬೀಜದಷ್ಟು ಊದಿ.
ಲ್ಯಾಟಿನ್ನಿನವರೂ ಇದನ್ನು ಔಡಲವೆಂದೇ ಕರೆದರಂತೆ.

ಶೀತಕೋಣೆ, ನಾಲ್ಕು ಡಿಗ್ರಿ.
ಬೆನ್ನಿನ ಚಿಪ್ಪೆತ್ತಿದರೆ ಎಡಕ್ಕೊಂದು ಬಲಕ್ಕೊಂದು
ದ್ರಾಕ್ಷಿಗೊಂಚಲಿನಂಥ ಜೊಲ್ಲಿನ ಗ್ರಂಥಿ.
ನೀರು ಸೋಸಿ ಕುಡಿಯುವ ಮನೆಯವಳು ನಾನು;
ಸೋಸಿದ ಬಟ್ಟೆಯನ್ನು ಅಜ್ಜಿ ಮತ್ತೆ
ಅದೇ ಬಾವಿಯ ನೀರಲ್ಲಿ ಜಾಲಿಸಿ ಬರುತ್ತಿದ್ದಳು,
ಉಳಿದದ್ದು ಬದುಕಲಿ ಎಂದು.
ಇವತ್ತು ನೂರಾ ನಲವತ್ತು ಸೀಳಿದೆ.
ಪ್ರಾಣಿ ಬಳಕೆಯ ಅರ್ಜಿಯಲ್ಲಿ ಕುರಿಗೆ ಎರಡು ಪುಟ,
ಇವಕ್ಕೆ ಒಂದು ಸಾಲು: ಅನ್ವಯಿಸುವುದಿಲ್ಲ.

ಚರ್ಮ ಹರಿದರೆ ಒಡೆದ ಜೀವಕೋಶ ಕೂಗುತ್ತದೆ.
ಕೂಗು ಕೇಳಿ ಪ್ಲೇಟ್‌ಲೆಟ್ಟುಗಳು ಬಂದು
ಒಂದಕ್ಕೊಂದು ಆತು ಬಾಗಿಲು ಮುಚ್ಚುತ್ತವೆ.
ಈ ಜೊಲ್ಲಿನಲ್ಲೊಂದು ಕಿಣ್ವವಿದೆ,
ಕೂಗಿನ ಬಾಲ ಕತ್ತರಿಸುವುದೇ ಅದರ ಕಸುಬು:

ಓಡಿ ಬನ್ನಿ
ಓಡಿ
ಓ

ಅಷ್ಟೆ. ಕುರಿ ಮೇಯುತ್ತಲೇ ಇರುತ್ತದೆ.

ಆ ಕಿಣ್ವದ ಜಾತಕ ಬರೆಯುವುದು ನನ್ನ ಕೆಲಸ.
ತೂಕ ಎಷ್ಟು, ಎಷ್ಟು ಹುಳಿ ತಾಳುತ್ತದೆ, ಯಾವ ಬಿಸಿಗೆ ಸಾಯುತ್ತದೆ.
ಕ್ಯಾಲ್ಸಿಯಂ ತೆಗೆದೆ: ಸುಣ್ಣ ಮರೆತ ವೀಳ್ಯ,
ಎಷ್ಟು ಅಗಿದರೂ ಬಣ್ಣ ಏರಲಿಲ್ಲ.
ಮತ್ತೆ ಚಿಟಿಕೆ ಸೇರಿಸಿದೆ.
ನಲವತ್ತು ಕೊಳವೆಗಳಲ್ಲಿ ಮೂವತ್ತೇಳು ಹಳದಿಯಾಗಿಯೇ ಉಳಿದವು.
ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತನಾಲ್ಕು
ಹಸಿರಾದವು, ಕಣ್ಣೆದುರೇ, ಆತುರವಿಲ್ಲದೆ.
ಐಲಿ ಚಹಾ ತಂದಿಟ್ಟಳು.
ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ರಾತ್ರಿ ಕಾಲುಚೀಲ ಕಳಚುವಾಗ
ಎಡ ಮೊಣಕಾಲಿನ ಹಿಂದೆ ಒಂದು.
ಗುಡ್ಡದಿಂದಲೇ ಬಂದಿರಬೇಕು.
ಗ್ರಂಥಿ ಸೀಳುವಾಗ, ಜಾತಕ ಬರೆಯುವಾಗ, ಬಸ್ಸಿನಲ್ಲಿ,
ಉಣ್ಣುತ್ತಲೇ ಇತ್ತು.
ನನ್ನ ರಕ್ತ ಎಷ್ಟು ಸಲ ಕೂಗಿತೋ,
ಆ ಕೂಗನ್ನೇ ದಿನವಿಡೀ ಅಳೆದವಳಿಗೆ
ಒಂದೂ ಕೇಳಿಸಲಿಲ್ಲ.

ಚಿಮಟ ಹಾಕಿ ನೇರ ಎಳೆದೆ.
ಎಥನಾಲಿನ ಮುಚ್ಚಳ ತೆರೆದು, ಮತ್ತೆ ಮುಚ್ಚಿದೆ.
ಒಣ ಕೊಳವೆಯೊಂದರಲ್ಲಿ ಅದನ್ನು ಬಿಟ್ಟು
ಕಾಲುಚೀಲಕ್ಕೆ ಹತ್ತಿದ್ದ ಹುಲ್ಲೆಸಳೊಂದನ್ನು ಇಟ್ಟೆ, ಯಾಕೋ.
ಚೀಟಿ ಅಂಟಿಸಿದೆ: ನೂರಾ ನಲವತ್ತೊಂದು.
ಆತಿಥೇಯ ಎಂಬಲ್ಲಿ
ಕೈ ರೂಢಿಯಂತೆ ಕುರಿ ಎಂದು ಬರೆಯಿತು.
ಹೊಡೆದುಹಾಕಿದೆ.
ಮರುದೇವಿ, ಎಡಗಾಲು.