ಕರೆ

ಬಸ್ಸಿನ ಬೋರ್ಡು ದುಂಡದುಂಡಗ, ಓದಲಿಕ್ಕೆ ಬರೂದಿಲ್ಲ;
ಬಣ್ಣ ನೋಡಿ ಹತ್ತತೀನಿ ನೆಲ್ಲಿಕುಂಜೆಗೆ.
ಸಿಂದಗಿ ಬಿಟ್ಟು ಇಪ್ಪತ್ತು ದಿನ.

"ಹಾಜರಿ ಪಟ್ಟಿ ಎಲ್ಲಿ?" ಅಂದಿದ್ದೆ ಮೊದಲನೇ ದಿನ.
ಹಿಂದಿನ ಬೆಂಚು ಬೊಗಳಿತು.
ಪಟ್ಟಿ ಅಂದರ ಇಲ್ಲಿ ನಾಯಿ.

ರವಿವಾರ ಏಳನೇ ಬಿ ಸಫ್ವಾನ:
"ಕರೆಗೆ ಹೋಗುವಾ ಟೀಚರೇ?"
ಯಾರ ಕರೆ, ಯಾತಕ್ಕ?
ಉತ್ತರಿಸದೆ ನಡೆದ ಹುಡುಗ, ಬಲೆ ಹರವಿದ ಓಣಿಯೊಳಗ,
ತಳಂಗರೆ ಟೋಪಿ ಕಿಸೆದಾಗ ಮಡಚಿ.

ಓಣಿ ಮುಗಿದಲ್ಲಿ ನೀರು.
ಒಂಬತ್ತು ವರ್ಷ ನಕಾಶೆಗೆ ನೀಲಿ ಬಳಿಸಿದ್ದೆ ಮಕ್ಕಳ ಕೈಲಿ;
ಇದು ಬೂದು, ಮೀನಿನ ವಾಸನಿ, ಸುಮ್ಮನಿರೂದಿಲ್ಲ.
ಚಪ್ಪಲಿ ಕೈಯಾಗ ಹಿಡಿದು
ಬಾವಿ ಇಣುಕುವವರ ಹಾಂಗ ನಿಂತೆ.

"ಇದೇ ಕರೆ" ಅಂದ, ಒದ್ದೆ ಮರಳು ತೋರಿಸಿ.
ಅಂಚಿಗೆ ಆ ಹೆಸರು ಅಂತ ನನಗೇನು ಗೊತ್ತು.
ಆದರೂ "ಓ" ಅಂದೆ.